ತಂತಿಯಿಂದ ಕಿತ್ತೂರಿನ ಎಕ್ಸ್‌ಚೇಂಜಿನವರೆಗೆ



ಹಿಂದೆ ಹಳ್ಳಿಯ ಮನೆಗೆ ತಂತಿ ಬಂತೆಂದರೆ ಅಳು ಮೊದಲು, ಓದುವುದು ಆಮೇಲೆ. ಪದಕ್ಕಿಷ್ಟು ಎಂದು ಕಾಸು ಎಣಿಸಬೇಕಿದ್ದ ಆ ಸೌಕರ್ಯವನ್ನು ಸಾವು, ಕಾಯಿಲೆ ಬಿಟ್ಟರೆ ಬಡವರು ಮುಟ್ಟುತ್ತಿರಲಿಲ್ಲ. ಅದು ಹುಟ್ಟಿದ್ದೂ ಅವರಿಗಾಗಿ ಅಲ್ಲ. 1850ರಲ್ಲಿ ವಿಲಿಯಂ ಓಶಾನೆಸಿ ಎಂಬ ವೈದ್ಯ ಕಲ್ಕತ್ತಾ ಮತ್ತು ಡೈಮಂಡ್ ಹಾರ್ಬರ್ ನಡುವೆ ಪ್ರಯೋಗಕ್ಕೆಂದು ತಂತಿ ಎಳೆಸಿದಾಗ, ಅದರ ಅಗತ್ಯವಿದ್ದದ್ದು ಕಂಪನಿ ಸರ್ಕಾರಕ್ಕೆ. 1857ರಲ್ಲಿ ದಂಗೆಯ ಸುದ್ದಿಯನ್ನು ಸಿಪಾಯಿಗಳಿಗಿಂತ ಮೊದಲೇ ದೂರದ ಠಾಣ್ಯಗಳಿಗೆ ಮುಟ್ಟಿಸಿದ್ದೂ ಈ ತಂತಿಯೇ. ವೇಗ ಬಂದಿತ್ತು, ಆದರೆ ಆಳುವವರ ಕೈಗೆ.

ಇನ್ನು ಫೋನಿನ ಕತೆ. ಸ್ವಾತಂತ್ರ್ಯದ ಮರುವರ್ಷ ಬೆಂಗಳೂರಿನಲ್ಲಿ ಟೆಲಿಫೋನು ತಯಾರಿಸುವ ಐಟಿಐ ಕಾರ್ಖಾನೆ ಹುಟ್ಟಿತು. 1960ರಲ್ಲಿ ಲಖನೌ-ಕಾನ್ಪುರ ನಡುವೆ ಆಪರೇಟರಿಲ್ಲದೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಶುರುವಾಯಿತು. ಉಳಿದವರು ಟ್ರಂಕ್ ಕಾಲ್ ಬುಕ್ ಮಾಡಿ ಕಾದರು.

ತಿರುವು ಬಂದದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಹೊರದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳು ದೊಡ್ಡ ಊರಿಗೆ ಹೇಳಿ ಮಾಡಿಸಿದಂಥವು, ಅವಕ್ಕೆ ತಣ್ಣನೆಯ ಎ.ಸಿ. ಕೋಣೆ ಬೇಕಿತ್ತು. ನಮ್ಮ ಹೋಬಳಿಗಳಲ್ಲಿದ್ದದ್ದು ಧೂಳು, ಬಿಸಿಲು, ಹೇಳದೆ ಹೋಗುವ ಕರೆಂಟು. 1984ರಲ್ಲಿ ಸ್ಥಾಪನೆಯಾದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ಇದನ್ನೆಲ್ಲ ತಡೆದುಕೊಳ್ಳುವ, ಎ.ಸಿ. ಬೇಡದ 128 ಲೈನುಗಳ ಪುಟ್ಟ ಎಕ್ಸ್‌ಚೇಂಜ್ ರೂಪಿಸಿದರು. ಅಂಥ ಮೊದಲನೆಯದು ಕೆಲಸ ಆರಂಭಿಸಿದ್ದು 1986ರಲ್ಲಿ ಕಿತ್ತೂರಿನಲ್ಲೇ. ದೇಶದ ದೂರಸಂಪರ್ಕದ ಚರಿತ್ರೆಯಲ್ಲಿ ದೆಹಲಿ, ಮುಂಬೈಗಳ ಹೆಸರು ಎದ್ದು ಕಾಣುತ್ತದೆ, ಕಿತ್ತೂರಿನದು ಅಷ್ಟಾಗಿ ಕಾಣುವುದಿಲ್ಲ. ಇದು ಸರಿಯಲ್ಲ.

ಮುಂದೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಸ್‌ಸ್ಟ್ಯಾಂಡುಗಳಿಗೂ ಬಂದವು. ರಾತ್ರಿ ದರ ಇಳಿಯುವುದನ್ನೇ ಕಾಯುತ್ತಾ, ಓಡುವ ಮೀಟರಿನ ಮೇಲೆ ಕಣ್ಣಿಟ್ಟು ಜನ ಮಾತಾಡಿದರು. ಎಷ್ಟೋ ಅಂಗವಿಕಲರಿಗೆ ಆ ಬೂತೇ ಜೀವನೋಪಾಯವಾಯಿತು.

ಸುದ್ದಿ ಬೇಗ ತಲುಪಿದರೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. ನಮ್ಮ ಕರಾವಳಿಗೆ ಅಂಟಿಕೊಂಡಿರುವ ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಜಿಲ್ಲೆಗಳ ಬೂತಾಯಿ ಮೀನಿನ ವ್ಯಾಪಾರವನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. 1997ರ ಜನವರಿ 14ರಂದು ವಡಗರದ ದಡದಲ್ಲಿ 11 ದೋಣಿಗಳ ಮೀನಿಗೆ ಗಿರಾಕಿಯೇ ಇರಲಿಲ್ಲ. ಹದಿನೈದು ಕಿಲೋಮೀಟರ್ ಒಳಗಿನ ಆಚೀಚೆಯ ದಡಗಳಲ್ಲಿ 27 ವ್ಯಾಪಾರಿಗಳು ಮೀನಿಲ್ಲದೆ ಬರಿಗೈಯಲ್ಲಿ ನಿಂತಿದ್ದರು. ಅವರಿಗೆ ಇವರ ಸುದ್ದಿಯಿಲ್ಲ, ಇವರಿಗೆ ಅವರದಿಲ್ಲ. ಮೀನು ಹಾಳಾಯಿತು.

ಅದೇ ವರ್ಷದಿಂದ ಆ ತೀರದುದ್ದಕ್ಕೂ ಮೊಬೈಲ್ ಟವರುಗಳು ಬಂದವು. ದೋಣಿಯಲ್ಲಿ ನಿಂತೇ ಬೆಲೆ ವಿಚಾರಿಸಿ, ಗಿರಾಕಿ ಇರುವ ದಡಕ್ಕೆ ಮೀನುಗಾರರು ತಿರುಗತೊಡಗಿದರು. ಮೀನು ಚೆಲ್ಲುವುದು ನಿಂತಿತು. ಅವರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಂಡು ತಿನ್ನುವವರಿಗೆ ಬೂತಾಯಿಯ ಬೆಲೆ ಶೇ 4ರಷ್ಟು ಇಳಿಯಿತು.