ತರತಮ ವಿವೇಕ



ಲೋಕದಲ್ಲಿ ತರತಮವನ್ನೆಣಿಸದ ವ್ಯವಹಾರವೇ ಇಲ್ಲ. ಶಾಲೆಯಲ್ಲಿ ಅದು ತರಗತಿಯೆನಿಸುವುದು; ಪರೀಕ್ಷೆಯಲ್ಲಿ ದರ್ಜೆ; ಕಛೇರಿಯಲ್ಲಿ ಶ್ರೇಣಿ; ಪೇಟೆಯಲ್ಲಿ ಮಾಲಿನ ಗುಣ; ಬೆಟ್ಟದ ದಾರಿಯಲ್ಲಿ ಏರು. ಇಂಗ್ಲಿಷಿನವರು ಇವೆಲ್ಲವನ್ನೂ ‘ಗ್ರೇಡ್’ ಎಂಬ ಒಂದೇ ಮಾತಿನಲ್ಲಿ ಅಡಗಿಸುವರು. ಆ ಮಾತಿಗೆ ಮೂಲವಾದ ಲ್ಯಾಟಿನ್ ಪದಕ್ಕೆ ಹೆಜ್ಜೆ, ಮೆಟ್ಟಿಲು ಎಂದರ್ಥ. ಮೆಟ್ಟಿಲಿರುವುದು ಹತ್ತುವುದಕ್ಕೆ, ಒಬ್ಬನನ್ನು ಅಲ್ಲಿಯೇ ಕೂಡಿಹಾಕುವುದಕ್ಕಲ್ಲ. ಈ ಅರ್ಥವನ್ನು ಮರೆತರೆ ದರ್ಜೆಯು ವಿವೇಕವಾಗದೆ ಅನ್ಯಾಯವಾಗುವುದು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿರಿ. ಹಿಪ್ಪುನೇರಳೆಯ ಸೊಪ್ಪನ್ನಿಕ್ಕಿ, ಹಗಲಿರುಳೆನ್ನದೆ ಹುಳು ಸಾಕಿದ ರೈತನ ದುಡಿಮೆಯೆಲ್ಲವೂ ಅಲ್ಲಿ ಹರಾಜಿಗೆ ಬರುವುದು. ನೂಲು ಬಿಚ್ಚುವವರು ಗೂಡನ್ನು ಒತ್ತಿ, ಅಲುಗಿಸಿ, ಗಟ್ಟಿಯೋ ಪೊಳ್ಳೋ ಎಂದು ಪರೀಕ್ಷಿಸುವರು. ಒಂದು ಕಿಲೋ ನೂಲಿಗೆ ಎಷ್ಟು ಗೂಡು ಬೇಕಾದೀತೆಂಬುದೇ ಅವರ ಲೆಕ್ಕ. ಒಳ್ಳೆಯ ದ್ವಿತಳಿ ಗೂಡಾದರೆ 6 ಅಥವಾ 7 ಕಿಲೋ ಸಾಕು. ಹೀನವಾದುದಾದರೆ ಇನ್ನೂ ಹೆಚ್ಚು ಬೇಕು. ಕಲೆ ಬಿದ್ದುದು, ತೆಳುವಾದುದು, ಎರಡು ಹುಳುಗಳು ಕೂಡಿ ಹೆಣೆದ ಜೋಡಿಗೂಡು, ಚಿಟ್ಟೆ ಹೊರಟು ತೂತಾದುದು ಇವೆಲ್ಲ ಕೆಳಗಿನ ದರ್ಜೆಯವು.

ಆದರೆ ಆ ಜೋಡಿಗೂಡಿನ ಗಂಟುಗಂಟಾದ ನೂಲಿನಿಂದಲೇ ಡುಪಿಯಾನ್ ಎಂಬ ಬೆಲೆಯುಳ್ಳ ವಸ್ತ್ರವಾಗುವುದು. ತೂತಾದ ಗೂಡಿನ ಎಳೆಯು ತುಂಡಾಗಿರುವುದರಿಂದ ಅದನ್ನು ನೀಳವಾಗಿ ಬಿಚ್ಚಲಾಗದು, ನಿಜ. ಆದರೂ ಬಿತ್ತನೆಯ ಗೂಡಿನಿಂದ ಚಿಟ್ಟೆ ಬಾರದಿದ್ದರೆ ಮೊಟ್ಟೆಯಿಲ್ಲ; ಮೊಟ್ಟೆಯಿಲ್ಲದಿದ್ದರೆ ಮುಂದಿನ ಬೆಳೆಯಿಲ್ಲ. ನೂಲಿಗೆ ಕಡೆಯದಾದುದು ಸಂತತಿಗೆ ಮೊದಲನೆಯದಾಯಿತು!

ಚಿಂತಾಮಣಿಯ ಟೊಮೇಟೊ ಮಂಡಿಗಳಲ್ಲಿಯೂ ಇದೇ ನ್ಯಾಯ. ದೂರದ ಊರಿಗೆ ಹೋಗತಕ್ಕ ಹಣ್ಣು ಅರೆಗೆಂಪಾಗಿ ಗಟ್ಟಿಯಾಗಿರಬೇಕು. ಇಂದಿನ ಅಡಿಗೆಗೆ ಪೂರ್ಣವಾಗಿ ಮಾಗಿದುದೇ ಲೇಸು. ಆದುದರಿಂದ ‘ಇದು ಎಷ್ಟನೆಯ ದರ್ಜೆ?’ ಎಂದು ಕೇಳುವವನು ‘ಯಾವುದಕ್ಕೆ?’ ಎಂಬುದನ್ನು ಮೊದಲು ಕೇಳತಕ್ಕದ್ದು.

ವಸ್ತುವಿನಲ್ಲಿಯೇ ಹೀಗಾದರೆ ಮನುಷ್ಯನ ವಿಷಯದಲ್ಲಿ ಎಷ್ಟು ಎಚ್ಚರಿಕೆ ಬೇಡ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯೊಂದರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿನ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದರು. ಭೌತಶಾಸ್ತ್ರದಲ್ಲಿ ಪಾಂಡಿತ್ಯವನ್ನು ಸಂಪಾದಿಸಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಮನೆಯ ಸ್ಥಿತಿಯನ್ನು ನೋಡಿ ಆ ಬಾಲಕನಿಗೆ ದರ್ಜೆ ಕಟ್ಟಿದ್ದರೆ ನಾಡಿಗೆ ಎಷ್ಟು ನಷ್ಟವಾಗುತ್ತಿದ್ದಿತು! ಪರೀಕ್ಷೆಯ ಅಂಕವು ಅಂದಿನ ಮೂರು ಗಂಟೆಗಳ ಬರವಣಿಗೆಯನ್ನು ಅಳೆಯಬಲ್ಲುದು. ಬಾಲಕನ ಬಾಳನ್ನು ಅಳೆಯಲಾರದು. ಇನ್ನು ಹುಟ್ಟನ್ನು ನೋಡಿ ಕಟ್ಟುವ ದರ್ಜೆಯಂತೂ ಯಾವ ಪರೀಕ್ಷೆಯನ್ನೂ ಮಾಡದೆಯೇ ಕೊಟ್ಟ ತೀರ್ಪು. ಅದನ್ನು ಶರಣರು ಒಪ್ಪಲಿಲ್ಲ.

ಹಾಗೆಂದು ಶರಣರು ಮೆಟ್ಟಿಲುಗಳನ್ನೇ ಅಲ್ಲಗಳೆದರೆ? ಇಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಷಟ್‍ಸ್ಥಲಗಳನ್ನು ಹೇಳಿದರು. ಇವು ಒಬ್ಬನನ್ನು ಇನ್ನೊಬ್ಬನಿಗಿಂತ ಕೀಳೆನ್ನುವ ಪಂಕ್ತಿಗಳಲ್ಲ; ಒಬ್ಬನೇ ಸಾಧಕನು ನಡೆಯತಕ್ಕ ದಾರಿ. ನಂದಿಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿ, ನೆತ್ತಿಯಲ್ಲಿ ಯೋಗನಂದೀಶ್ವರನ ಗುಡಿ ಇರುವುದನ್ನು ಚಿಕ್ಕಬಳ್ಳಾಪುರದ ಸೀಮೆಯವರು ಬಲ್ಲರು. ಬುಡದಲ್ಲಿ ನಿಂತವನೂ ಶಿವನ ಸನ್ನಿಧಿಯಲ್ಲಿಯೇ ಇರುವನು.

ಆದುದರಿಂದ ಸದ್ಭಕ್ತರು ಮಾಲನ್ನು ತೂಗುವಾಗ ನ್ಯಾಯವಾಗಿ ತೂಗಲಿ. ಮಕ್ಕಳನ್ನು ತೂಗುವಾಗ ತಾಳ್ಮೆಯಿಂದಿರಲಿ. ತಮ್ಮನ್ನು ತಾವು ತೂಗಿಕೊಳ್ಳುವಾಗ ಮಾತ್ರ ಕಠಿನರಾಗಲಿ. ಕೆಳಗಿನ ಮೆಟ್ಟಿಲಿನಲ್ಲಿರುವವನಿಗೆ ಕೈಗೊಡುವುದೇ ಮೇಲಿನ ಮೆಟ್ಟಿಲಿನವನ ಧರ್ಮ.

ಸರ್ವರಿಗೂ ಮಂಗಳವಾಗಲಿ.