ಮುತ್ತು ಬಿದ್ದ ಕೊರಳಿಗೆ ತಾಳಿ



ಆನೆಗೊಂದಿಯಲ್ಲಿ ಪ್ರೀತಿಯ ಬಗ್ಗೆ ಮಾತು ಎಂದಾಗ ನೀವು ಕುಮಾರರಾಮನ ಕಥೆ ನಿರೀಕ್ಷಿಸಿದ್ದಿರೇನೋ. ಕುಮ್ಮಟದುರ್ಗ ಇಲ್ಲಿಗೆ ದೂರವಲ್ಲ. ಮಗನಿಗೆಂದು ನೋಡಿದ ರತ್ನಾಜಿಯನ್ನು ಅಪ್ಪ ಕಂಪಿಲರಾಯನೇ ಮದುವೆಯಾದನೆಂದು ಕಥೆ ಹೇಳುತ್ತದೆ. ಆಮೇಲಿನ ತಪ್ಪನ್ನೆಲ್ಲ ಹಾಡುವವರು ಅವಳ ತಲೆಗೇ ಕಟ್ಟಿದರು. ನಿನಗೆ ಯಾರು ಇಷ್ಟ ಎಂದು ಅವಳನ್ನು ಯಾರೂ ಕೇಳಿದಂತಿಲ್ಲ. ಹಾಗೆ ಯಾರೂ ಕೇಳದ ಹುಡುಗಿಯರು ಈ ಸೀಮೆಯ ದಲಿತ ಕೇರಿಗಳಲ್ಲಿ ಬಹಳ ಮಂದಿ. ನಾನು ಹೇಳಹೊರಟಿರುವುದು ಅವರ ಸಂಗತಿ, ದೇವದಾಸಿಯರ ಸಂಗತಿ.

ಹುಲಿಗಿಯ ಹುಲಿಗೆಮ್ಮನಿಗೋ ಸವದತ್ತಿಯ ಎಲ್ಲಮ್ಮನಿಗೋ ಹರಕೆ ಹೊತ್ತು, ಎಷ್ಟೋ ಸಲ ಮೈನೆರೆಯುವ ಮೊದಲೇ ಹುಡುಗಿಗೆ ಮುತ್ತು ಕಟ್ಟುತ್ತಿದ್ದರು. ಕೆಂಪು ಬಿಳಿ ಮಣಿಯ ಆ ಸರ ಬಿದ್ದ ಮೇಲೆ ಅವಳಿಗೆ ಮದುವೆಯಿಲ್ಲ. ಪ್ರಾಯಕ್ಕೆ ಬಂದಾಗ ಜಮೀನಿದ್ದವನೊಬ್ಬ ಮೊದಲೇ ಗೊತ್ತಾಗಿರುತ್ತಿದ್ದುದೂ ಉಂಟು. ಅವಳೇ ಮೆಚ್ಚಿದ ಹುಡುಗನಿದ್ದರೂ ಅಷ್ಟೇ. ಅವನು ಬಂದು ಹೋಗಬಹುದು, ಸೀರೆ ತರಬಹುದು, ಮಕ್ಕಳೂ ಆಗಬಹುದು. ತಾಳಿ ಮಾತ್ರ ಕಟ್ಟುವಂತಿಲ್ಲ. ಅವನ ಮನೆಯವರು ಬೇರೆ ಕಡೆ ಹೆಣ್ಣು ತರುತ್ತಾರೆ.

ಇದನ್ನು ಬರೀ ಮೂಢನಂಬಿಕೆ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮಂಥ ಪತ್ರಿಕೆಯವರಿಗೆ ಸುಲಭ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡ ಮಗಳೇ ಮಗ. ಮನೆ ಉಳಿಯುವುದು ಅವಳಿಗೆ, ಮುದಿ ತಂದೆತಾಯಿಗೆ ಅನ್ನ ಹಾಕುವವಳೂ ಅವಳೇ. ಮೆಚ್ಚಿದವನ ಹಿಂದೆ ಅವಳು ಹೊರಟರೆ ಆ ಮನೆಯ ಒಲೆ ಹೊತ್ತಿಸುವವರು ಯಾರು?

ಇನ್ನು ಕಾನೂನು. ನಾವು ಹರಿಗೋಲಿನಲ್ಲಿ ದಾಟುತ್ತಿದ್ದ ಈ ತುಂಗಭದ್ರೆ ಒಂದು ಕಾಲದಲ್ಲಿ ಎರಡು ಸರ್ಕಾರಗಳ ಗಡಿ. ಆಚೆಯ ಹಂಪಿ ಬಳ್ಳಾರಿ ಜಿಲ್ಲೆಗೆ, ಅಂದರೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಈಚೆಯ ಆನೆಗೊಂದಿ ನಿಜಾಮನ ಸೀಮೆ. ಮದ್ರಾಸಿನಲ್ಲಿ 1947ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯ್ದೆಯಾಯಿತು. ಅದು ಹೊಳೆ ದಾಟಿ ಬರಲಿಲ್ಲ. ಇಡೀ ಕರ್ನಾಟಕಕ್ಕೆ ಒಂದೇ ಕಾಯ್ದೆ ಬಂದದ್ದು 1982ರಲ್ಲಿ.

ಮುತ್ತು ಕಟ್ಟಿಸಿಕೊಂಡವಳ ಮದುವೆ ಸಿಂಧು ಎಂದು ಆ ಕಾಯ್ದೆ ಸ್ಪಷ್ಟವಾಗಿ ಹೇಳಿತು. ಪ್ರೀತಿಸಿದವನಿಗೆ ಇನ್ನು ನೆಪ ಉಳಿಯಲಿಲ್ಲ ಎನ್ನಬೇಕು. ಆದರೆ ಶಿಕ್ಷೆಯ ಕಲಮು ನೋಡಿ. ಮುತ್ತು ಕಟ್ಟಿದವರಿಗೆ 3 ವರ್ಷದವರೆಗೆ ಸೆರೆ; ಹೆತ್ತವರೋ ಬಂಧುಗಳೋ ಆಗಿದ್ದರೆ ಕನಿಷ್ಠ 2 ವರ್ಷ, ಹೆಚ್ಚೆಂದರೆ 5. ಪೋಷಕರ ಅಪರಾಧ ದೊಡ್ಡದು ಎಂಬ ತರ್ಕ ಸರಿಯೇ. ಆದರೆ ಹದಿನೈದರ ಹುಡುಗಿ ಠಾಣೆಗೆ ಹೋಗಿ ದೂರು ಕೊಡಬೇಕಾದದ್ದು ತನ್ನ ಅವ್ವನ ಮೇಲೆ. ಎಷ್ಟೋ ಸಲ ಆ ಅವ್ವನ ಕೊರಳಲ್ಲೂ ಅದೇ ಮುತ್ತು. ಹೀಗಾಗಿ ದೇವಸ್ಥಾನದಲ್ಲಿ ನಡೆಯುತ್ತಿದ್ದುದು ಮನೆಯೊಳಗೆ, ಕದ ಹಾಕಿಕೊಂಡು ನಡೆಯಿತು.

1993-94 ಮತ್ತು 2007-08ರ ಸರ್ಕಾರಿ ಸಮೀಕ್ಷೆಗಳಲ್ಲಿ ಒಟ್ಟು 46,660 ಮಂದಿಯ ಹೆಸರು ದಾಖಲಾಯಿತು. ಅವರ ಮಕ್ಕಳು ಬೆಳೆದು, ತಾವೂ ಪ್ರೀತಿಸುವ ವಯಸ್ಸಿಗೆ ಬಂದರು. ಸಂಬಂಧ ಕೇಳಲು ಹೋದ ಮನೆಯಲ್ಲಿ ಅವರಿಗೆ ಎದುರಾಗುವುದು ಅಪ್ಪ ಯಾರು ಎಂಬ ಪ್ರಶ್ನೆ. ಶಾಲೆಯ ಅರ್ಜಿಯಲ್ಲೂ ಅದೇ. 2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ಈ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಬರೆಯಲೇಬೇಕಿಲ್ಲ ಎಂದಿದೆ. ಬೇಕೆಂದರೆ, ಆ ತಂದೆ ಯಾರೆಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಹಕ್ಕನ್ನೂ ಕೊಟ್ಟಿದೆ.