ಸೇಂಟ್ ಬೀಸ್‌ನಲ್ಲಿ ಕೊಡಗಿನ ಹುಡುಗ

ಇಂಗ್ಲೆಂಡಿನ ವಾಯವ್ಯ ಕಡಲಂಚಿನ ಪುಟ್ಟ ಊರು ಸೇಂಟ್ ಬೀಸ್. ಅಲ್ಲಿ 1583ರಲ್ಲಿ ಹುಟ್ಟಿದ ಶಾಲೆ, ಎದುರಿಗೇ ಕೆಂಪು ಕಲ್ಲಿನ ಹಳೆಯ ಚರ್ಚು. ಬ್ರಿಟನ್ನಿನ ಊರೂರುಗಳಲ್ಲಿ ನವೆಂಬರ್ ತಿಂಗಳ ಎರಡನೇ ಭಾನುವಾರ ಯುದ್ಧಕ್ಕೆ ಹೋದವರನ್ನು ನೆನೆದು ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ.

ಹಾಗೆ ಯುದ್ಧಕ್ಕೆ ಹೋದವರಲ್ಲಿ ಸೇಂಟ್ ಬೀಸ್ ಶಾಲೆಯ ಮೂವರು ಹಳೆಯ ವಿದ್ಯಾರ್ಥಿಗಳಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಸಂದಿದೆ. ಅವರಲ್ಲೊಬ್ಬರು ವೈದ್ಯರಾಗಿದ್ದ ಫಾಕ್ಸ್-ರಸೆಲ್. ಮೊದಲ ಮಹಾಯುದ್ಧದ ವೇಳೆ, 1917ರಲ್ಲಿ, ಪ್ಯಾಲೆಸ್ಟೈನಿನಲ್ಲಿ ಗುಂಡಿನ ಸುರಿಮಳೆಯ ನಡುವೆ ಗಾಯಾಳುಗಳ ಬಳಿಗೆ ಮತ್ತೆ ಮತ್ತೆ ಹೋದರು, ಅಲ್ಲೇ ಜೀವ ಬಿಟ್ಟರು.

ಇನ್ನೊಬ್ಬ ನಮ್ಮ ನೆಲದಲ್ಲಿ ಹುಟ್ಟಿದವನು, ಲೀಫ್ ರಾಬಿನ್ಸನ್. 1895ರಲ್ಲಿ ಕೊಡಗಿನ ಪಾಲಿಬೆಟ್ಟದ ಕಾಫಿ ತೋಟದಲ್ಲಿ ಕಣ್ಣು ಬಿಟ್ಟವನು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದವನು. 1916ರ ಸೆಪ್ಟೆಂಬರ್ 3ರ ನಸುಕಿನಲ್ಲಿ ಲಂಡನ್ನಿನ ಉತ್ತರಕ್ಕೆ ಜರ್ಮನಿಯ ವಾಯುನೌಕೆಯೊಂದನ್ನು ಹೊಡೆದುರುಳಿಸಿದ. ಉರಿಯುತ್ತ ಬಿದ್ದ ಆ ನೌಕೆಯನ್ನು ಕಂಡು ಜನ ಬೀದಿಗಿಳಿದು ಕುಣಿದರು. ಮುಂದೆ ಶತ್ರುಗಳ ಸೆರೆ, ಯುದ್ಧ ಮುಗಿದ ಮೇಲೆ ಬಿಡುಗಡೆ. ಮನೆ ಸೇರಿದ ಕೆಲವೇ ದಿನಗಳಲ್ಲಿ, 1918ರ ಡಿಸೆಂಬರ್ 31ರಂದು, ಇನ್‌ಫ್ಲುಯೆಂಜಾ ಅವನನ್ನು ಕೊಂಡೊಯ್ದಿತು. ಆಗವನಿಗೆ ಬರೀ 23.

ಆ ನೌಕೆಯಲ್ಲಿದ್ದ 16 ಮಂದಿಯೂ ಸತ್ತಿದ್ದರು. ಅವರೂ ಯಾರದೋ ಮನೆಯ ಮಕ್ಕಳು. ಇಂಗ್ಲೆಂಡಿನ ಕ್ಯಾನಕ್ ಚೇಸ್‌ನ ಜರ್ಮನ್ ಸ್ಮಶಾನದಲ್ಲಿ ಈಗ ಅವರೆಲ್ಲ ಒಟ್ಟಿಗೆ ಮಲಗಿದ್ದಾರೆ.